ನಿಧಾನಕ್ಕೊಂದು ದೊಡ್ಡ ಇಂಜಿನ್

ನಮ್ಮ ನಡುಮನೆಯ ಫ್ಯಾನಿನ ರೆಗ್ಯುಲೇಟರಿನ ಮೇಲೆ ಒಂದರಿಂದ ಐದರವರೆಗೆ ಅಂಕಿಗಳಿವೆ. ನಿಮ್ಮ ಮನೆಯಲ್ಲೂ ಇದ್ದಾವು. ಆದರೆ ನೀವು ರಾಯಚೂರಿನವರೇ ಆಗಿದ್ದರೆ, ಅವುಗಳಲ್ಲಿ ಮೊದಲ ನಾಲ್ಕು ಕೇವಲ ಅಲಂಕಾರಕ್ಕೆ ಇರುವಂಥವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಶಿವರಾತ್ರಿ ಮುಗಿಯುತ್ತಿದ್ದಂತೆ ಐದನ್ನು ಏರಿ ಕುಳಿತ ಗುಂಡಿಗೆ ದಸರೆ ಬಂದರೂ ಪದತ್ಯಾಗದ ಯೋಚನೆ ಬರುವುದಿಲ್ಲ. ಐದರಲ್ಲಿ ನಮ್ಮ ಫ್ಯಾನು ಗಾಳಿಗಿಂತ ಹೆಚ್ಚು ಗದ್ದಲವನ್ನೇ ಬೀಸುತ್ತದೆ. ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳು ಹಾರದಂತೆ ನಾನು ಅವುಗಳ ಮೇಲೆ ಒಂದೊಂದು ವಿಭೂತಿ ಗಟ್ಟಿ ಇಟ್ಟು, ಅಜ್ಞಾನಕ್ಕೂ ಒಂದಿಷ್ಟು ಪಾವಿತ್ರ್ಯವನ್ನು ಒದಗಿಸುತ್ತೇನೆ. ಆ ಗದ್ದಲದ ಆಚೆ ದಡದಲ್ಲಿ ಕುಳಿತು ನನ್ನ ಹೆಂಡತಿ ನೀಲಮ್ಮ ಏನೋ ಹೇಳುತ್ತಾಳೆ, ಈಚೆ ದಡದಿಂದ ನಾನು "ಹೂಂ" ಎನ್ನುತ್ತೇನೆ. ಹೀಗೆ ಕೇಳಿಸದೆ ಅಂದ 'ಹೂಂ'ಗಳ ಬಲದಿಂದ ನಮ್ಮ ಮನೆಗೆ ಒಂದು ಹೊಸ ಕಪಾಟು ಬಂದಿದೆ, ಅವಳ ದೂರದ ತಮ್ಮನೊಬ್ಬ ಪರೀಕ್ಷೆಗೆಂದು ಬಂದು ಫಲಿತಾಂಶ ಬರುವವರೆಗೂ ಉಳಿದಿದ್ದಾನೆ.

ಆದರೂ ಗುಂಡಿಯನ್ನು ಕೆಳಗಿಳಿಸುವುದು ಎಂದೂ ನನಗೆ ಹೊಳೆದಿರಲಿಲ್ಲ. ಐದು ಕೈಗೆಟಕುವಾಗ ಎರಡರಲ್ಲಿ ಏಕಿರಬೇಕು ಎನ್ನುವುದು ಮನುಷ್ಯನ ಹುಟ್ಟುತರ್ಕ. ಜಗತ್ತಿನಲ್ಲಿ ದೊಡ್ಡದೆಲ್ಲವೂ ಜೋರಾಗಿ ಹೋಗಲಿಕ್ಕೆಂದೇ ಹುಟ್ಟಿದ್ದು ಎಂದು ನಾನೂ ನಂಬಿಕೊಂಡಿದ್ದೆ, ನನ್ನ ಮಾವನವರು ಹೊಸ ಕಾರು ಕೊಳ್ಳುವವರೆಗೆ.

ಮಾವನವರನ್ನು ನಿಮಗೆ ಪರಿಚಯಿಸಬೇಕು. ಶರಣಪ್ಪ ಸಾಹುಕಾರರೆಂದರೆ ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟವರು, ನನ್ನ ತಾಯಿಯ ಖಾಸಾ ಅಣ್ಣ. ಹುಟ್ಟಿನಿಂದಲೇ ಸೋದರಮಾವನಾಗಿದ್ದವರನ್ನು ಎಪ್ಪತ್ತರ ದಶಕದ ಕೊನೆಗೆ ಅವರ ಮಗಳನ್ನೇ ಮದುವೆಯಾಗಿ ಇನ್ನೊಮ್ಮೆ ಮಾವನನ್ನಾಗಿ ಮಾಡಿಕೊಂಡೆ. ಚಿಕ್ಕಂದಿನಲ್ಲಿ "ಲೇ" ಎಂದು ನನ್ನ ಕಿವಿ ಹಿಂಡುತ್ತಿದ್ದ ಮನುಷ್ಯ ಅಕ್ಕಿಕಾಳು ತಲೆಗೆ ಬಿದ್ದ ಮರುಗಳಿಗೆಯಿಂದ "ಬರ್ರಿ, ಕೂಡ್ರಿ" ಎಂದು ಬಹುವಚನಕ್ಕೆ ಏರಿಸಿದರು. ಆ ಗೌರವದಿಂದ ನನಗೆ ಹಿಗ್ಗಾಗುವ ಬದಲು ಮನೆಯಿಂದ ಒಂದು ಹೆಜ್ಜೆ ಹೊರಗೆ ನಿಲ್ಲಿಸಿದಂತೆ ಆಯಿತು. ಈಗಲೂ ಅವರಿಗೆ ತೀರ ಸಿಟ್ಟು ಬಂದಾಗ ಬಾಯಿತಪ್ಪಿ ಒಂದು "ಲೇ" ಹೊರಬಿದ್ದರೆ ನಾನು ಒಳಗೊಳಗೇ ಸಂತೋಷಪಡುತ್ತೇನೆ.

ನಾನು ರಾಯಚೂರಿನ ಕಾಲೇಜೊಂದರಲ್ಲಿ ಹಳಗನ್ನಡ ಕಲಿಸುವವನು. ಆದರೆ ಮಾವನವರ ದೃಷ್ಟಿಯಲ್ಲಿ ಕಾಲೇಜಿನಲ್ಲಿ ಕಲಿಸುವವನಿಗೆ ಗೊತ್ತಿಲ್ಲದ್ದು ಇರುವುದಿಲ್ಲ. ಎಮ್ಮೆಯ ಜಡ್ಡಿನಿಂದ ಹಿಡಿದು ವಿಮೆಯವರೆಗೆ ಎಲ್ಲದಕ್ಕೂ ಅವರು ನನ್ನ ಅಭಿಪ್ರಾಯ ಕೇಳಿ, ಆಮೇಲೆ ತಮಗೆ ತಿಳಿದಂತೆ ಮಾಡುತ್ತಾರೆ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಹೊತ್ತಿಗೆ ಊರಲ್ಲೆಲ್ಲ ಹೊಸ ಮಾಟದ ಕಾರುಗಳ ಸುದ್ದಿಯೋ ಸುದ್ದಿ. ಗಿರಣಿಯೂ ನಾಲ್ಕು ಕಾಸು ಕಂಡಿತ್ತು. ಮಾವನವರು ಒಂದು ದಿನ ಬಣ್ಣಬಣ್ಣದ ಕ್ಯಾಟಲಾಗು ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದು, ಫ್ಯಾನಿನ ಕೆಳಗೆ ಅದನ್ನು ಹರವಿ, ನಾಲ್ಕು ಮೂಲೆಗೆ ನಾಲ್ಕು ವಿಭೂತಿ ಗಟ್ಟಿ ಇಟ್ಟರು.

ಕಾರು ಒಂದೇ, ಇಂಜಿನ್ ಎರಡು. ಉದ್ದ ಮೂತಿ, ತಗ್ಗಿದ ಬೆನ್ನು, ನಾಲ್ಕು ಬಾಗಿಲು, ಓಡಲು ಅಣಿಯಾಗಿ ಬಗ್ಗಿ ನಿಂತಂಥ ಭಂಗಿ. ಅದೇ ದೇಹದಲ್ಲಿ ಹದಿನೈದು ನೂರು ಸಿ.ಸಿ.ಯ ಸಣ್ಣ ಇಂಜಿನ್ ಬೇಕೋ, ಹದಿನೆಂಟು ನೂರು ಸಿ.ಸಿ.ಯ ದೊಡ್ಡದು ಬೇಕೋ ಎಂಬುದನ್ನು ಕೊಳ್ಳುವವರೇ ಆರಿಸಿಕೊಳ್ಳಬೇಕು. ದೊಡ್ಡದಕ್ಕೆ ಐದನೆಯ ಗೇರು ಎಂಬ ಹೆಚ್ಚಿನ ಕಿರೀಟ ಬೇರೆ. ಇದು 'ಸ್ಪೋರ್ಟಿ' ಕಾರು ಎಂದು ಕ್ಯಾಟಲಾಗು ಪುಟಪುಟಕ್ಕೂ ಸಾರುತ್ತಿತ್ತು. ಹಾಗೆಂದರೇನೆಂದು ಮಾವನವರು ಕೇಳಿದಾಗ ಇದು ಆಟಗಾರರ ಮನೋಭಾವದವರಿಗೆಂದು ಮಾಡಿದ ಕಾರು ಎಂದು ವಿವರಿಸಿದೆ. ಅವರು ತಮ್ಮ ಹೊಟ್ಟೆಯ ಮೇಲೊಮ್ಮೆ ಕೈಯಾಡಿಸಿ, ಆಟ ಆಡುವುದು ಕಾರೋ ಕೂತವರೋ ಎಂದು ವಿಚಾರಿಸಿದರು.

ಇಂಜಿನ್ನಿನ ವಿಷಯದಲ್ಲಿ ನನ್ನ ಪಾಂಡಿತ್ಯದ ಮೂಲವನ್ನೂ ಹೇಳಿಬಿಡುತ್ತೇನೆ. ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಮೋಟಾರು ಪತ್ರಿಕೆಯೊಂದು ಬರುತ್ತಿತ್ತು. ಯಾರನ್ನಾದರೂ ಕರೆತರಲು ಹೋದಾಗ ಗಾಡಿ ತಡವಾದರೆ ಅದನ್ನು ನಿಂತಲ್ಲೇ ತಿರುವಿಹಾಕುತ್ತಿದ್ದೆ. ನಮ್ಮ ಕಡೆಯ ರೈಲುಗಳ ಸಮಯಪಾಲನೆ ನಿಮಗೆ ಗೊತ್ತೇ ಇದೆ. ಹೀಗಾಗಿ ಕೆಲವೇ ವರ್ಷಗಳಲ್ಲಿ ನನ್ನ ಜ್ಞಾನ ಪ್ರಕಾಂಡವಾಗಿ ಬೆಳೆಯಿತು. ಸ್ವಂತ ಅನುಭವವೆಂದರೆ ಒಂದು ಮೊಪೆಡ್ಡು. ಏರು ಬಂದಲ್ಲಿ ಅದನ್ನು ನಾನು ಎಳೆಯುತ್ತಿದ್ದೆ, ಇಳಿಜಾರಿನಲ್ಲಿ ಅದು ನನ್ನನ್ನು ಎಳೆಯುತ್ತಿತ್ತು.

ಪ್ರಶ್ನೆ ನಮ್ಮ ಮನೆಯಲ್ಲಷ್ಟೇ ಉಳಿಯಲಿಲ್ಲ. ರಾಯಚೂರಿನ ತೀನ್ ಕಂದೀಲ್ ಚೌಕದ ಚಹಾದಂಗಡಿಯಲ್ಲಿ ಸೈಕಲ್ಲೂ ಇಲ್ಲದವರು ದೊಡ್ಡ ಇಂಜಿನ್ನಿನ ಪರ ವಾದಿಸಿದರು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದವರು ಸಣ್ಣದನ್ನೂ ರಸಾಯನಶಾಸ್ತ್ರದವರು ದೊಡ್ಡದನ್ನೂ ಎತ್ತಿಹಿಡಿದರು. ತತ್ತ್ವಶಾಸ್ತ್ರದವರು ನಡೆದುಹೋಗುವುದೇ ಶ್ರೇಯಸ್ಕರವೆಂದು ಹೇಳಿ ಇನ್ನೊಂದು ಚಹಾ ತರಿಸಿಕೊಂಡರು. ನಾನು ಎಲ್ಲರ ಮಾತನ್ನೂ ಅಳೆದು ಸುರಿದು ಕಡೆಗೆ ಸಣ್ಣ ಇಂಜಿನ್ನೇ ಸಾಕೆಂದು ನಿರ್ಣಯಿಸಿದೆ.

ನನ್ನ ತರ್ಕದಲ್ಲಿ ಲೋಪವಿದ್ದರೆ ನೀವೇ ತೋರಿಸಿ. ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆ ಹೆಸರಿಗೆ ಮಾತ್ರ ವಾಹನಗಳದ್ದು. ಸುಗ್ಗಿ ಬಂತೆಂದರೆ ರೈತರು ಸಜ್ಜೆಯ ತೆನೆ, ಜೋಳದ ತೆನೆಗಳನ್ನು ರಸ್ತೆಯ ಉದ್ದಕ್ಕೂ ಹರವಿ, ಹೋಗಿಬರುವ ಬಸ್ಸು ಲಾರಿಗಳಿಂದ ಪುಕ್ಕಟೆಯಾಗಿ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಅದು ಮುಗಿದರೆ ಭತ್ತದ ಬಂಡಿಗಳ ಸಾಲು. ಅದೂ ಮುಗಿದರೆ ಕುರಿಹಿಂಡುಗಳು. ಕುರಿಗೆ ಹಾರ್ನ್ ಎಂದರೆ ಇನ್ನಷ್ಟು ಒತ್ತಾಗಿ ನಿಲ್ಲಿ ಎಂಬ ಸೂಚನೆ. ದೇವದುರ್ಗದ ಕಡೆಗೆ ಹೊರಳಿದರೂ, ಅತ್ತೆಯವರ ತವರು ಮಸರಕಲ್ಲಿನವರೆಗೆ ಇದೇ ಪಾಡು. ಎತ್ತಿನ ಬಂಡಿಯ ಹಿಂದೆ ಹೋಗಲು ಹದಿನೆಂಟು ನೂರು ಸಿ.ಸಿ. ಯಾಕೆ, ಐದನೆಯ ಗೇರನ್ನು ಹಾಕುವುದಾದರೂ ಎಲ್ಲಿ ಎಂದು, ಮಾವನವರು ಅತ್ತೆಯವರೊಂದಿಗೆ ಮತ್ತೆ ನಮ್ಮ ಮನೆಗೆ ಬಂದಾಗ ನಾನು ಪಾಠ ಹೇಳುವ ಧಾಟಿಯಲ್ಲೇ ಮಂಡಿಸಿದೆ. ಮಾವನವರು ಪೂರ್ತಿ ಕೇಳಿ ಕ್ಯಾಟಲಾಗು ಮಡಿಚಿದರು.

ಆಗ ಒಳಗಿನಿಂದ, ಮಗಳ ಜೊತೆ ಹಪ್ಪಳ ಒತ್ತುತ್ತಿದ್ದ ಅತ್ತೆಯವರ ದನಿ ಬಂತು. ಅತ್ತೆ ಗೌರಮ್ಮನವರು ಗಂಡನಿಗೆ ಹೇಳಬೇಕಾದದ್ದನ್ನು ಗೋಡೆಗೆ ಹೇಳುವವರು.

"ಸಣ್ಣದರ ತರ್ಲಿ, ದೊಡ್ಡದರ ತರ್ಲಿ. ದಾರ್ಯಾಗ ಮಂದಿ ಕಂಡ್ರ ಮಾತಾಡ್ಸಾಕ ಬರುವಂಥಾದ್ದು ತಂದ್ರ ಸಾಕು. ಹಿಂದಿಂದು ತಂದು ಬೀರಪ್ಪಣ್ಣನ್ನ ಕಳಕೊಂಡಿದ್ದು ಸಾಲದೇನು?"

ಮಾವನವರ ಮುಖ ಸಣ್ಣದಾಯಿತು. ಬೀರಪ್ಪನ ಹೆಸರು ಬಂದರೆ ಅವರಿಗೆ ಹಾಗೆಯೇ ಆಗುತ್ತಿತ್ತು.

ಮಾನ್ವಿ ದಾರಿಯ ಕುರ್ಡಿ ಎಂಬ ಹಳ್ಳಿಯ ಬೀರಪ್ಪ ಕುರಿಯೂ ಹೊಲವೂ ಎರಡೂ ಇದ್ದ ಮನುಷ್ಯ, ಮಾವನವರ ಬಾಲ್ಯದ ಗೆಳೆಯ. ಕಾಲುವೆಯ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾಗತೊಡಗಿದಾಗ ಮಾವನವರು ಇದ್ದಬದ್ದದ್ದನ್ನೆಲ್ಲ ಸುರಿದು ಗಿರಣಿ ಹಾಕಿದರು. ಮೊದಲ ಹಂಗಾಮಿನಲ್ಲಿ ಈ ಹೊಸ ಗಿರಣಿಯ ಮೇಲೆ ಯಾರಿಗೂ ಭರವಸೆ ಇರಲಿಲ್ಲವಂತೆ. ಬೀರಪ್ಪ ಸ್ವತಃ ಬಂಡಿ ಕಟ್ಟಿಕೊಂಡು ಬಂದು, ತನ್ನ ಭತ್ತದ ಚೀಲವನ್ನು ತಾನೇ ಹೊತ್ತು ಗಿರಣಿಯ ಬಾಯಿಗೆ ಸುರಿದನಂತೆ. ಅವನನ್ನು ನೋಡಿ ಉಳಿದವರು ಬಂದರು. ಅಂದಿನಿಂದ ಪ್ರತಿ ಹಂಗಾಮಿಗೂ ಮೊದಲ ಚೀಲ ಬೀರಪ್ಪನದೇ ಎಂಬುದು ರೂಢಿಯಾಯಿತು. ಅವನ ಚೀಲ ಬೀಳದೆ ಮಾವನವರು ಇಂಜಿನ್ನಿಗೆ ಕುಂಕುಮವನ್ನೂ ಹಚ್ಚುತ್ತಿರಲಿಲ್ಲ. ಅವನು ಇವರನ್ನು "ಲೇ ಶರಣ್ಯಾ" ಎಂದೇ ಕರೆಯುತ್ತಿದ್ದ, ಗಿರಣಿಯ ಹಮಾಲರೆದುರಿಗೂ.

ಇಲ್ಲಿ ನಮ್ಮ ಕಡೆಯ ಒಂದು ರೀತಿಯನ್ನು ಹೇಳಬೇಕು. ಬಂಡಿಯಲ್ಲಿ ಕೂತವನು ದಾರಿಯಲ್ಲಿ ನಡೆಯುವವನನ್ನು ಮಾತಾಡಿಸದೆ ಮುಂದೆ ಹೋಗುವುದಿಲ್ಲ. "ಎಲ್ಲಿಗೆ ಹೊಂಟ್ರಿ, ಬರ್ರಿ ಕೂಡ್ರಿ" ಎಂದು ಕೂತವನೇ ಮೊದಲು ಕೇಳಬೇಕು. ನಡೆಯುವವನು ಹತ್ತಿದರೂ ಸರಿ, ಬಿಟ್ಟರೂ ಸರಿ, ಬಂಡಿಯ ಪಕ್ಕದಲ್ಲೇ ನಡೆಯುತ್ತ ಮಳೆ ಬೆಳೆ ಮದುವೆ ಮುಂಜಿ ಎಲ್ಲ ಮುಗಿಸುತ್ತಾನೆ. ಎತ್ತಿನ ಹೆಜ್ಜೆ, ಮನುಷ್ಯನ ಹೆಜ್ಜೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಯಾರಿಗೂ ತೊಂದರೆಯಿಲ್ಲ. ಗುರುತಿನವರನ್ನು ಮಾತಾಡಿಸದೆ ದಾಟಿ ಹೋದರೆ ಅದಕ್ಕೊಂದೇ ಅರ್ಥ: ಮಾತು ಬಿಟ್ಟಾಯಿತು, ಸಂಬಂಧ ಮುಗಿಯಿತು.

ಎಪ್ಪತ್ತರ ದಶಕದ ನಡುವಿನಲ್ಲಿ ಮಾವನವರು ನಿವೃತ್ತ ಅಧಿಕಾರಿಯೊಬ್ಬರಿಂದ ಒಂದು ಹಳೆಯ ಬೂದುಬಣ್ಣದ ಕಾರು ಕೊಂಡಿದ್ದರು. ಒಮ್ಮೆ ಚಾಲೂ ಆದರೆ ಅದು ಓಡುತ್ತಿತ್ತು; ವೇಗ ತಗ್ಗಿಸಿದರೆ ಕೆಮ್ಮಿ, ನಡುಗಿ, ಪ್ರಾಣ ಬಿಡುತ್ತಿತ್ತು, ಮತ್ತೆ ಎಬ್ಬಿಸಲು ಅರ್ಧ ಊರು ತಳ್ಳಬೇಕು. ಆದ್ದರಿಂದ ಅವರು ರಾಯಚೂರಿನಿಂದ ಹೊರಟರೆ ಗಿರಣಿಯ ಬಾಗಿಲಲ್ಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದರು. ಹಾಗೆ ಬರುವಾಗ ಒಂದು ಬಿರುಬಿಸಿಲಿನ ಮಧ್ಯಾಹ್ನ, ಕುರ್ಡಿಯ ದಾರಿ ಕೂಡುವಲ್ಲಿ, ಬೀರಪ್ಪ ಹೆಗಲ ಮೇಲೊಂದು ಕುರಿಮರಿ ಹೊತ್ತುಕೊಂಡು ನಿಂತಿದ್ದ. ಗೆಳೆಯನ ಕಾರು ಕಂಡು ಕೈ ಎತ್ತಿದ. ನಿಲ್ಲಿಸಿದರೆ ಕಾರು ಅಲ್ಲೇ ಸಮಾಧಿ. ಇದು ನಿಲ್ಲುವಂಥದ್ದಲ್ಲೋ ಮಾರಾಯ ಎನ್ನುವ ಅರ್ಥದಲ್ಲಿ ಮಾವನವರೂ ಒಂದು ಕೈ ಎತ್ತಿ, ಧೂಳೆಬ್ಬಿಸಿಕೊಂಡು ಮುಂದೆ ಹೋದರು. ಹೊರಗೆ ನಿಂತವನಿಗೆ ಕಂಡದ್ದು, ಕಾರಿನಲ್ಲಿ ಕೂತ ಸಾಹುಕಾರ ಆಶೀರ್ವಾದದ ಕೈ ತೋರಿಸಿಕೊಂಡು ಹೋದದ್ದು.

ಮರುದಿನ ಮಾವನವರು ಕುರ್ಡಿಗೆ ಓಡಿಹೋಗಿ ಕಾರಿನ ರೋಗವನ್ನೆಲ್ಲ ವಿವರಿಸಿದರು. ಬೀರಪ್ಪ ಜಗಳವಾಡಲಿಲ್ಲ. ಕೈಮುಗಿದು, ಕಂಬಳಿ ಹಾಸಿ ಕೂಡ್ರಿಸಿ, "ದೊಡ್ಡಾವ್ರು ನೀವು, ನಮಗೇನ್ ಹೇಳ್ತೀರಿ ಸಾಹುಕಾರ್ರ" ಎಂದ. ಆ 'ಸಾಹುಕಾರ್ರ' ಎಂಬ ಗೌರವ ಮಾವನವರಿಗೆ ಚಾಟಿಯ ಹಾಗೆ ಬಿತ್ತು. ಆ ಹಂಗಾಮಿಗೆ ಕುರ್ಡಿಯ ಬಂಡಿ ಬೇರೆ ಗಿರಣಿಗೆ ಹೋಯಿತು. ನಮ್ಮ ಮದುವೆಗೆ ಅವನನ್ನು ಕರೆತರಲೆಂದು ಮಾವನವರು ಅದೇ ಕಾರನ್ನು ಕಳಿಸಿ ಇನ್ನೊಂದು ತಪ್ಪು ಮಾಡಿದರು. ಬೀರಪ್ಪ, ತನಗೆ ದೇವರು ಕಾಲು ಕೊಟ್ಟಿದ್ದಾನೆಂದು ಹೇಳಿ ಬರಿದೇ ವಾಪಸು ಕಳಿಸಿದ, ನಡೆದೂ ಬರಲಿಲ್ಲ. ನನ್ನ ಹೆಂಡತಿ ಅವನ ಹೆಗಲ ಮೇಲೆ ಕೂತು ಬೆಳೆದವಳು. ಹಂದರದಲ್ಲಿ ಅವಳು ಅತ್ತದ್ದು ತವರು ಬಿಡುವ ದುಃಖಕ್ಕೆಂದು ಎಲ್ಲರೂ ತಿಳಿದರು, ನಾನೂ ತಿಳಿದೆ. ಅದು ಬೀರಪ್ಪ ಕಾಕಾ ಬರಲಿಲ್ಲವೆಂದು ಎಂಬುದು ಗೊತ್ತಾದಾಗ ನನಗೆ ಕೊಂಚ ನಿರಾಸೆಯೇ ಆಯಿತು. ಅಲ್ಲಿಂದ ಹತ್ತು ವರ್ಷ ಗಿರಣಿಯಲ್ಲಿ ಮೊದಲ ಚೀಲವನ್ನು ಯಾರ್ಯಾರೋ ಸುರಿದರು. ಮಾವನವರು ಕುಂಕುಮ ಹಚ್ಚುತ್ತಿದ್ದರು, ಆದರೆ ರಸ್ತೆಯ ಕಡೆ ನೋಡುತ್ತ ಹಚ್ಚುತ್ತಿದ್ದರು.

ಅಂತೂ ಏಜೆಂಟನೊಬ್ಬ ಹೈದರಾಬಾದಿನಿಂದ ಎರಡೂ ಕಾರುಗಳನ್ನು ಪರೀಕ್ಷೆಗೆಂದು ತರಿಸಿದ. ಟೈ ಕಟ್ಟಿದ ಹುರುಪಿನ ಯುವಕ. ರಾಯಚೂರು ದಾಟುವ ಮೊದಲೇ ಅವನು ನಿಂತಲ್ಲಿಂದ ಅರವತ್ತಕ್ಕೆ ಏರಲು ಯಾವುದಕ್ಕೆ ಎಷ್ಟು ಕ್ಷಣ ಬೇಕೆಂಬುದನ್ನು ಮಂತ್ರದಂತೆ ಪಠಿಸತೊಡಗಿದ್ದ. ಮಾವನವರು ಸ್ಟೀರಿಂಗು ಹಿಡಿದಿದ್ದರು, ನಾನೂ ಅತ್ತೆಯವರೂ ಹಿಂದೆ.

"ಅದು ಇರ್ಲಿ ತಮ್ಮಾ," ಎಂದರು ಮಾವನವರು. "ಎಷ್ಟು ಸಾವಕಾಶ ಹೋಗ್ತದ, ಅದನ್ನ ಹೇಳು."

ಏಜೆಂಟನ ಮಂತ್ರ ಅಲ್ಲಿಗೇ ನಿಂತಿತು. ಅವನು ಕ್ಯಾಟಲಾಗಿನ ಪುಟಗಳನ್ನು ಒಂದೊಂದಾಗಿ ತಿರುವತೊಡಗಿದ.

ಊರು ದಾಟಿದ ಮೇಲೆ ಮುದುಕಿಯೊಬ್ಬಳು ಹತ್ತಿಕಟ್ಟಿಗೆಯ ಹೊರೆ ಹೊತ್ತು ರಸ್ತೆಯ ಅಂಚಿನಲ್ಲಿ ನಡೆದಿದ್ದಳು. ಮಾವನವರು ಸಣ್ಣ ಇಂಜಿನ್ನಿನ ಕಾರನ್ನು ಅವಳ ಪಕ್ಕಕ್ಕೆ ತಂದು ಅವಳ ಹೆಜ್ಜೆಗೆ ಹೊಂದಿಸಲು ನೋಡಿದರು. ಮೊದಲ ಗೇರಿನಲ್ಲಿ ಅದು ಮಾತೇ ಕೇಳಿಸದಷ್ಟು ಒದರಿತು. ಎರಡನೆಯದಕ್ಕೆ ಹಾಕಿದರೆ ನೊಗಕ್ಕೆ ಹೊಸದಾಗಿ ಕಟ್ಟಿದ ಹೋರಿಯಂತೆ ಮುಗ್ಗರಿಸಿ, ನಮ್ಮೆಲ್ಲರ ಹಣೆಗಳನ್ನು ಮುಂದಕ್ಕೆ ಎಸೆದು, ನಿಂತೇಬಿಟ್ಟಿತು. ಮುದುಕಿ ಹೊರೆಯ ಕೆಳಗಿನಿಂದ ನೋಡಿ, "ಯಪ್ಪಾ, ಗಾಡಿಗೆ ಏನ್ ಜಡ್ಡು ಬಂದದ?" ಎಂದು ಮರುಕಪಟ್ಟಳು. ಏಜೆಂಟ, ಇದು ನಡೆಯಲು ಮಾಡಿದ ಕಾರಲ್ಲ, ಓಡಲು ಮಾಡಿದ್ದು ಎಂದು ಸಮಜಾಯಿಷಿ ಹೇಳಿದ.

ಏಜೆಂಟನ ಚಾಲಕ ಹಿಂದೆ ತರುತ್ತಿದ್ದ ಇನ್ನೊಂದು ಕಾರನ್ನು ಅಲ್ಲೇ ಅದಲುಬದಲು ಮಾಡಿಕೊಂಡೆವು. ಅಷ್ಟರಲ್ಲಿ ಮುದುಕಿ ಬಹಳ ದೂರವೇನೂ ಹೋಗಿರಲಿಲ್ಲ. ದೊಡ್ಡ ಇಂಜಿನ್ನನ್ನು ಮಾವನವರು ಎರಡನೆಯ ಗೇರಿನಲ್ಲಿಟ್ಟು ಕಾಲು ತೆಗೆದರು. ಅದು ನಿಲ್ಲಲೂ ಇಲ್ಲ, ಜಗ್ಗಲೂ ಇಲ್ಲ. ಹೊಟ್ಟೆ ತುಂಬಿದ ಎಮ್ಮೆಯ ಗಾಂಭೀರ್ಯದಿಂದ ಮುದುಕಿಯ ಪಕ್ಕದಲ್ಲಿ ನಡೆಯತೊಡಗಿತು, ಉಸಿರಿನ ಸದ್ದೂ ಇಲ್ಲದೆ. ಅತ್ತೆಯವರು ಕಿಟಕಿ ಇಳಿಸಿ ಯಾವ ಊರು ಎಂದು ಕೇಳಿದರು. ಮುದುಕಿಯ ಮಗಳನ್ನು ಕೊಟ್ಟದ್ದು ಮಸರಕಲ್ಲಿಗೇ ಎಂದು ತಿಳಿಯಿತು. ಮುಂದಿನ ಹುಣಸೆಮರ ಬರುವುದರೊಳಗೆ ಆ ಮಗಳ ಅತ್ತೆ ನಮ್ಮ ಅತ್ತೆಯವರ ಓಣಿಯವಳೆಂದೂ ಗೊತ್ತಾಯಿತು. ಹುಣಸೆಮರದ ಹತ್ತಿರ ಮುದುಕಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿದ್ದಳು, ಹತ್ತಿಕಟ್ಟಿಗೆಯ ಹೊರೆ ಸ್ಪೋರ್ಟಿ ಕಾರಿನ ಡಿಕ್ಕಿಯಲ್ಲಿತ್ತು, ಏಜೆಂಟ ತನ್ನ ಟೈಯನ್ನು ಸಡಿಲಿಸಿಕೊಳ್ಳುತ್ತಿದ್ದ.

ನನ್ನ ಸಿದ್ಧಾಂತ ಹೀಗೆ ಮುರಿದುಬಿದ್ದದ್ದು ನನಗೆ ಸಹಿಸಲಾಗಲಿಲ್ಲ. ಮನೆಗೆ ಬಂದ ಮೇಲೆ ಮೈಲೇಜಿನ ಮಾತೆತ್ತಿ ಕೊನೆಯ ಹೋರಾಟ ಮಾಡಿದೆ. ಮಾವನವರು ಗಿರಣಿಯ ಇಂಜಿನ್ನಿನ ಜೊತೆ ಇಪ್ಪತ್ತು ವರ್ಷ ಬಾಳುವೆ ಮಾಡಿದವರ ಸಮಾಧಾನದಿಂದ ಹೇಳಿದರು: "ಓಡುವಾಗ ಎಲ್ಲಾ ಇಂಜಿನ್ನೂ ಚಲೋನ ಅಳಿಯಂದ್ರ. ಹಗೂರಕ ನಡೀವಾಗ ಅದರ ದಮ್ಮು ತಿಳೀತದ. ನಾ ಓಡಾಕ ತಗೊಳ್ಳಾಕತ್ತಿಲ್ಲ."

ಕಾರು ಮನೆಗೆ ಬಂದದ್ದು ಭತ್ತದ ಕೊಯ್ಲು ಶುರುವಾಗುವ ಮುನ್ನ. ಮೊದಲು ನೀರಮಾನ್ವಿಯ ಎಲ್ಲಮ್ಮನಿಗೆ ಕಾಯಿ ಒಡೆಸಿ ಆಮೇಲೆ ಮನೆಗೆ ಎಂದು ರಾಯಚೂರಿನಿಂದ ಹೊರಟೆವು. ಮುಂದಿನ ಸೀಟಿಗೆ ನಾನು ಹತ್ತಲು ಹೋದರೆ ಮಾವನವರು ಬೇಡ, ಹಿಂದೆ ಕೂಡ್ರಿ ಎಂದರು. ಹಿಂದೆ ಅತ್ತೆಯವರು, ನೀಲಮ್ಮ, ನಾನು, ಹೂವಿನ ಬುಟ್ಟಿ, ಹೋಳಿಗೆಯ ಡಬ್ಬಿ ಎಲ್ಲ ಒತ್ತಿಕೊಂಡಿರುವಾಗ ಮುಂದೆ ಒಂದಿಡೀ ಸೀಟು ಖಾಲಿ. ಹೊಸ ಸೀಟು ನನ್ನ ತೂಕಕ್ಕೆ ಕುಸಿಯುತ್ತದೆಂಬ ಅಂಜಿಕೆ ಇರಬಹುದೆಂದು ನಾನು ಸ್ವಲ್ಪ ನೊಂದುಕೊಂಡೆ.

ಕುರ್ಡಿಯ ದಾರಿ ಕೂಡುವ ಜಾಗ ಬಂದಾಗ ಮಾವನವರು ಕತ್ತು ಚಾಚಿ ನೋಡತೊಡಗಿದರು. ಬೀರಪ್ಪ ಇದ್ದ. ದಿನಾ ಅದೇ ಹೊತ್ತಿಗೆ ಆ ರಸ್ತೆಯಲ್ಲೇ ಕುರಿ ಹೊಡೆದುಕೊಂಡು ಹೋಗುತ್ತಾನೆಂದು ಮಾವನವರು ವಿಚಾರಿಸಿಯೇ ಹೊರಟಿದ್ದರು ಎಂಬುದು ನನಗೆ ಆಗ ಹೊಳೆಯಿತು. ತಲೆ ಪೂರ್ತಿ ನರೆತಿತ್ತು, ಹೆಗಲ ಮೇಲೆ ಕಂಬಳಿ, ಮುಂದೆ ಕುರಿಹಿಂಡು, ಎಡಗಾಲು ತುಸು ಎಳೆಯುತ್ತಿತ್ತು. ಮಾವನವರು ಗೇರು ಇಳಿಸಿ, ಬಗ್ಗಿ, ಎಡಗಡೆಯ ಕಿಟಕಿಯನ್ನು ಪೂರಾ ಇಳಿಸಿದರು. ಮುಂದಿನ ಸೀಟು ಯಾಕೆ ಖಾಲಿ ಇತ್ತೆಂಬುದೂ ಆಗಲೇ ಹೊಳೆಯಿತು. ನನ್ನ ದಡ್ಡತನ ಕಂತುಗಳಲ್ಲಿ ಕರಗುವಂಥದ್ದು.

"ಬೀರಪ್ಪ, ಎಲ್ಲಿಗೆ ಹೊಂಟಿ? ಬಾ, ಕೂಡು."

ಹತ್ತು ವರ್ಷಕ್ಕೂ ಹಿಂದೆ ಆಡಬೇಕಾಗಿದ್ದ ಮಾತು. ಬೀರಪ್ಪ ಒಮ್ಮೆ ಕಾರನ್ನು ನೋಡಿದ, ಒಮ್ಮೆ ಕುರಿಗಳನ್ನು ನೋಡಿದ, ಮುಂದೆ ನಡೆದ. ಕಾರೂ ಅವನ ಜೊತೆಗೆ ನಡೆಯಿತು. ಮಾವನವರು ಖಾಲಿ ಸೀಟಿನ ಮೇಲಿಂದ ಮಾತಾಡುತ್ತಲೇ ಹೋದರು: ಈ ಸಲದ ಮಳೆ, ಕಾಲುವೆಗೆ ತಡವಾಗಿ ಬಿಟ್ಟ ನೀರು, ಗಿರಣಿಗೆ ಹಾಕಿದ ಹೊಸ ಬೆಲ್ಟು, ತಮ್ಮ ಸೊಂಟನೋವು, ನೀಲಮ್ಮನ ಮಗ ಶಾಲೆಗೆ ಹೋಗುತ್ತಿರುವುದು. ಬೀರಪ್ಪ ಒಂದಕ್ಕೂ ಉತ್ತರ ಕೊಡಲಿಲ್ಲ. ಆದರೆ ರಸ್ತೆ ಬಿಟ್ಟು ಹೊಲಕ್ಕೂ ಇಳಿಯಲಿಲ್ಲ. ಇಳಿಯಲು ಜಾಗ ಬೇಕಾದಷ್ಟಿತ್ತು.

ಹಿಂದಿನಿಂದ ಮಾನ್ವಿಗೆ ಹೋಗುವ ಸರ್ಕಾರಿ ಬಸ್ಸು ಬಂದು ಹಾರ್ನ್ ಬಾರಿಸಿತು. ಎದುರಿಗೆ ಮೇವು ಹೇರಿದ ಬಂಡಿ ಬಂದದ್ದರಿಂದ ಬಸ್ಸು ದಾಟುವಂತಿರಲಿಲ್ಲ, ಕುರಿಗಳು ಹಾರ್ನಿಗೆ ತಮ್ಮ ಸಂಪ್ರದಾಯದಂತೆ ಇನ್ನಷ್ಟು ಒತ್ತಾದವು. ಕಂಡಕ್ಟರ್ ಇಳಿದು ನಮ್ಮ ಕಾರಿನ ಪಕ್ಕಕ್ಕೆ ನಡೆದುಬಂದು, ಏನಾಗಿದೆಯೆಂದು ಕೇಳಿದ. ಅತ್ತೆಯವರು, ಏನೂ ಆಗಿಲ್ಲ, ಇಬ್ಬರು ಮಾತಾಡುತ್ತಿದ್ದಾರೆ ಎಂದರು. ಅವನೂ ನಮ್ಮ ಕಡೆಯವನೇ ಇರಬೇಕು, ಒಳಗೆ ನೋಡಿ, ಹೊರಗೆ ನೋಡಿ, ತಲೆಯಾಡಿಸಿ ಹಿಂದಕ್ಕೆ ಹೋದ. ಹಾರ್ನ್ ನಿಂತಿತು.

ಆದರೆ ನನ್ನ ಕಣ್ಣು ಇನ್ನೊಂದು ಕಡೆಗಿತ್ತು. ನಡಿಗೆಯ ವೇಗದಲ್ಲಿ ಹೋಗುವ ಇಂಜಿನ್ನಿಗೆ ಎದುರುಗಾಳಿ ಸಿಗುವುದಿಲ್ಲ, ನಮ್ಮೂರ ಬಿಸಿಲು ಬೇರೆ. ಮುಂದಿನ ಪಟ್ಟಿಯಲ್ಲಿ ಶಾಖ ತೋರಿಸುವ ಮುಳ್ಳು ಮೆಲ್ಲಮೆಲ್ಲನೆ ಕೆಂಪು ಗೆರೆಯ ಕಡೆಗೆ ಏರುತ್ತಿತ್ತು. ರೈಲು ತಡವಾದಾಗ ಸಂಪಾದಿಸಿದ ಜ್ಞಾನವೆಲ್ಲ ಒಮ್ಮೆಗೇ ಜಾಗೃತವಾಗಿ, ನಾನು ಮಾವನವರ ಕಿವಿಯ ಬಳಿ ಬಗ್ಗಿ, ಇನ್ನು ನಿಲ್ಲಿಸದಿದ್ದರೆ ಹೊಸ ಇಂಜಿನ್ ಕೆಟ್ಟುಹೋಗುತ್ತದೆಂದು ಎಚ್ಚರಿಸಿದೆ.

"ಸುಮ್ನ ಕೂಡೋ ಲೇ," ಎಂದರು ಮಾವನವರು.

ಹತ್ತು ವರ್ಷದ ಬಹುವಚನ ಕಳಚಿಬಿದ್ದ ಸಂತೋಷದಲ್ಲಿ ನಾನು ಸುಮ್ಮನೆ ಕುಳಿತೆ. ನೀಲಮ್ಮ ನನ್ನ ಕೈ ಹಿಡಿದಿದ್ದಳು. ಮಾವನವರ ಮಾತೂ ಅಷ್ಟರಲ್ಲಿ ತೀರಿಹೋಗಿತ್ತು. ಸ್ಟೀರಿಂಗು ಹಿಡಿದಿದ್ದ ಅವರಿಗೆ ಕಣ್ಣು ತುಂಬಿ ಬಂದಿತ್ತು. ಕುರಿಗಳ ಗೊರಸಿನ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

ಆಗ ಬೀರಪ್ಪ ಮುಂದೆ ನೋಡುತ್ತಲೇ ಬಾಯಿ ಬಿಟ್ಟ.

"ಲೇ ಶರಣ್ಯಾ, ಇದು ಇನ್ನಾ ಸ್ವಲ್ಪ ಸಾವಕಾಶ ಹೋಗ್ತದೇನಲೇ? ಮೊಣಕಾಲು ನೋಯಾಕತ್ತಾವ."

ಮಾವನವರು ಕಣ್ಣೊರೆಸಿಕೊಂಡು ಗೇರನ್ನು ಒಂದಕ್ಕೆ ಇಳಿಸಿದರು. "ಹೋಗ್ತದ," ಎಂದರು. "ಅದಕ್ಕಂತನ ತಂದೀನಿ."

ಅಂದು ಬೀರಪ್ಪ ಕಾರು ಹತ್ತಲಿಲ್ಲ. ಕುರಿಗಳನ್ನು ಯಾರಿಗೆ ಬಿಟ್ಟು ಹತ್ತಬೇಕು? ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಬಾನೆಟ್ಟು ಎತ್ತಿ, ಇಂಜಿನ್ ತಣ್ಣಗಾಗುವವರೆಗೆ ಎಲ್ಲರೂ ಕುಳಿತೆವು. ಎಲ್ಲಮ್ಮನ ಎಡೆಗೆಂದು ಒಯ್ಯುತ್ತಿದ್ದ ಹೋಳಿಗೆಯ ಡಬ್ಬಿಯನ್ನು ಅತ್ತೆಯವರು ಅಲ್ಲೇ ಬಿಚ್ಚಿದರು. ದೇವಿ ಏನೂ ಅಂದುಕೊಳ್ಳುವುದಿಲ್ಲ ಎಂಬ ಭರವಸೆಯನ್ನೂ ಅವರೇ ಕೊಟ್ಟರು. ಬೀರಪ್ಪ ಇಂಜಿನ್ನನ್ನು ಬಗ್ಗಿ ನೋಡಿ, ಇಷ್ಟು ದೊಡ್ಡದು ಯಾಕೆ ಬೇಕಿತ್ತು, ನನ್ನ ಜೊತೆ ನಡೆಯಲಿಕ್ಕೆ ಒಂದು ಜೋಡಿ ಎತ್ತು ಸಾಕಾಗಿತ್ತಲ್ಲ ಎಂದ. ಮಾವನವರು ನಕ್ಕುಬಿಟ್ಟರು. ನೀಲಮ್ಮನ ತಲೆಯ ಮೇಲೆ ಕೈಯಿಟ್ಟು, ಮದುವೆಗೆ ಬರಲಿಲ್ಲವಲ್ಲ ಎಂದು ಅವನೇ ಪೇಚಾಡಿದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಂದಿದ್ದರೆ ಬೇರೆ ವರ ನೋಡುತ್ತಿದ್ದೆ ಎಂದೂ ಸೇರಿಸಿದ.

ಆ ಹಂಗಾಮಿಗೆ ಗಿರಣಿ ಶುರುವಾಗುವ ದಿನ ನಾನೂ ಮಾನ್ವಿಯಲ್ಲಿದ್ದೆ. ಕುಂಕುಮದ ಬಟ್ಟಲು ಹಿಡಿದು ಮಾವನವರು ಇಂಜಿನ್ನಿನ ಮುಂದೆ ನಿಂತಿದ್ದರು. ಕುರ್ಡಿಯ ಬಂಡಿ ಬರುವುದು ತಡವಾಯಿತು. ಹಮಾಲರು ಅವಸರ ಮಾಡಿದರೂ ಅವರು ಕದಲಲಿಲ್ಲ. ಬಂಡಿ ಬಂತು, ಬೀರಪ್ಪನ ಮೊಣಕಾಲಿಗೆ ಚೀಲ ಎತ್ತಲು ಆಗಲಿಲ್ಲ. ಚೀಲದ ಒಂದು ತುದಿಯನ್ನು ಅವನು ಹಿಡಿದ, ಇನ್ನೊಂದನ್ನು ಮಾವನವರು ಹಿಡಿದರು. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಸುರಿದರು.

ಕಾರಿನ ಐದನೆಯ ಗೇರು ಇದುವರೆಗೂ ಕನ್ಯಾವಸ್ಥೆಯಲ್ಲೇ ಇದೆ. ತೀನ್ ಕಂದೀಲಿನ ಚಹಾದಂಗಡಿಯಲ್ಲಿ, ಅಷ್ಟು ದೊಡ್ಡ ಇಂಜಿನ್ ಇಟ್ಟುಕೊಂಡು ಸಾಹುಕಾರರು ಬಂಡಿಗಿಂತ ಸಾವಕಾಶ ಹೋಗುತ್ತಾರೆಂದು ನಗುವವರಿದ್ದಾರೆ. ನಾನು ವಾದಿಸಲು ಹೋಗುವುದಿಲ್ಲ. ಮೆಲ್ಲಗೆ ಹೋಗಲು ಬಲ ಬೇಕೆಂಬುದನ್ನು ಪಾಠ ಹೇಳಿ ತಿಳಿಸಲು ಬರುವುದಿಲ್ಲ. ನನಗಾದರೂ ಅದು ತಿಳಿದದ್ದು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತ ಮೇಲೆ.

ಇದನ್ನೆಲ್ಲ ನಿಮಗೆ ಹೇಳುತ್ತ ಬರೆಯುತ್ತಿರುವ ಈ ಸಂಜೆಯೂ ನಮ್ಮ ಫ್ಯಾನು ಎಂದಿನಂತೆ ಐದರಲ್ಲಿದೆ, ಕಾಗದಗಳ ಮೇಲೆ ವಿಭೂತಿ ಗಟ್ಟಿ ಇದೆ. ಆಚೆ ದಡದಿಂದ ನೀಲಮ್ಮ ಈಗಷ್ಟೇ ಏನೋ ಹೇಳಿದಳು, ನಾನು ಎಂದಿನಂತೆ "ಹೂಂ" ಎಂದೆ. ಅಂದ ಮೇಲೆ ಯಾಕೋ ನಾಚಿಕೆಯಾಗಿ, ಎದ್ದು ಹೋಗಿ ಗುಂಡಿಯನ್ನು ಎರಡಕ್ಕೆ ತಿರುಗಿಸಿದೆ. ಫ್ಯಾನು ಒಮ್ಮೆ ತಡವರಿಸಿ, ಆಮೇಲೆ ಸದ್ದಿಲ್ಲದೆ ತಿರುಗತೊಡಗಿತು. ಮನೆಯಲ್ಲಿ ಇಷ್ಟು ನಿಶ್ಶಬ್ದವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತ, ಏನಂದೆ ಎಂದು ಅವಳನ್ನು ಕೇಳಿದೆ.

"ಏನಿಲ್ಲ," ಎಂದಳು ನೀಲಮ್ಮ. "ಮದಿವ್ಯಾದಾಗಿಂದ ಹೇಳಾಕತ್ತೀನಿ, ಆ ಫ್ಯಾನ್ ಸ್ವಲ್ಪ ಕಡಿಮಿ ಮಾಡ್ರಿ ಅಂತ."